ಸಂಪಾದಕರ ಉತ್ತರ: ಚಡ್ಡಿ, ನಿಂಬೆಹಣ್ಣು ಮತ್ತು ಸಹಿಯ ಕೆಳಗಿನ ಸಾಲು

ಮಾನ್ಯರೇ,

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ಸಾರವನ್ನಷ್ಟು ಹೇಳಿಬಿಡುತ್ತೇನೆ. ಬಳ್ಳಾರಿಯ ಗಾಂಧಿನಗರದಲ್ಲಿ ಮನೆ, ವಯಸ್ಸು ಐವತ್ತೆರಡು. ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ ಎಂದು ವೈದ್ಯರು ಎಚ್ಚರಿಸಿದ ಮೇಲೆ ಮೂರು ತಿಂಗಳಿಂದ ಕಚೇರಿಗೆ ಸೈಕಲ್ ತುಳಿಯುತ್ತಿದ್ದೀರಿ. ಹೋಗಿ ಬರಲು ಎಂಟು ಕಿಲೋಮೀಟರ್. ಬೆಳಗಿನ ಸವಾರರ ಗುಂಪೊಂದು ನಿಮ್ಮ ಜೀನ್ಸ್ ನೋಡಿ ಗಾಬರಿಪಡಿಸಿ 2,400 ರೂಪಾಯಿಯ ಮೆತ್ತೆ ಚಡ್ಡಿ ಕೊಳ್ಳುವಂತೆ ಮಾಡಿದೆ. ಅದನ್ನು ತೊಟ್ಟು ಗೇಟು ದಾಟಕೂಡದು ಎಂಬುದು ನಿಮ್ಮ ಮನೆಯವರ ಆಜ್ಞೆ. ತಾಯಿಯವರು ಹ್ಯಾಂಡಲ್‌ಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಾರೆ. ಕಚೇರಿ ಮನೆಯಿಂದ ಉತ್ತರಕ್ಕಿರುವುದರಿಂದ ಮಂಗಳವಾರ, ಬುಧವಾರ ಸೈಕಲ್ ಬೇಡ ಎನ್ನುತ್ತಾರೆ. ಚಡ್ಡಿ ಬೇಕೇ, ನಿಂಬೆಹಣ್ಣು ಬೇಕೇ ಎಂದು ಕೇಳಿದ್ದೀರಿ. ಸಹಿಯ ಕೆಳಗೆ, ಏನನ್ನೋ ಮರೆತವರು ನೆನಪಿಸಿಕೊಂಡಂತೆ, ಇನ್ನೊಂದು ಸಾಲು ಸೇರಿಸಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಚಡ್ಡಿ. ಆ ಗುಂಪಿನವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ನಿಮ್ಮ ಜೀನ್ಸನ್ನು ಒಳಮಗ್ಗುಲು ಮಾಡಿ ನೋಡಿ. ಎರಡು ಕಾಲುಗಳ ಹೊಲಿಗೆ, ಮುಂದಿನದು, ಹಿಂದಿನದು, ನಾಲ್ಕೂ ಒಂದೇ ಜಾಗದಲ್ಲಿ ಬಂದು ಕೂಡುತ್ತವೆ. ಅದೂ ಬಟ್ಟೆಯನ್ನು ಮಡಚಿ ಎರಡೆರಡು ಸಾಲು ಹಾಕಿದ ದಪ್ಪ ಹೊಲಿಗೆ. ಸೈಕಲ್ಲಿನ ಸೀಟು ಒತ್ತುವುದು ಸರಿಯಾಗಿ ಅಲ್ಲಿಗೇ. 1873ರಲ್ಲಿ ಅಮೆರಿಕದಲ್ಲಿ ಜೀನ್ಸ್‌ನ ರಿವೆಟ್‌ಗಳಿಗೆ, ಎಂದರೆ ಹೊಲಿಗೆ ಬಿಡದಂತೆ ಬಡಿಯುವ ಲೋಹದ ಮೊಳೆಗಳಿಗೆ, ಪೇಟೆಂಟ್ ಪಡೆದ ಜೇಕಬ್ ಡೇವಿಸ್ ಮತ್ತು ಲೆವಿ ಸ್ಟ್ರಾಸ್ ಅವರ ಹಳೆಯ ಪ್ಯಾಂಟುಗಳಲ್ಲಿ ಆ ಕೂಡುವ ಜಾಗಕ್ಕೂ ಒಂದು ರಿವೆಟ್ ಇತ್ತು. ಅದನ್ನು ಮುಂದೆ ತೆಗೆದುಹಾಕಿದರು. ತೆಗೆಯದಿದ್ದರೆ ನಿಮ್ಮ ಪತ್ರ ಇನ್ನೂ ಖಾರವಾಗಿರುತ್ತಿತ್ತು.

ಮೆತ್ತೆ ಚಡ್ಡಿಯ ಹೆಚ್ಚುಗಾರಿಕೆ ಇರುವುದು ಮೆತ್ತೆಗಿಂತ ಹೆಚ್ಚಾಗಿ ಆ ಜಾಗದಲ್ಲಿ ಹೊಲಿಗೆಯೇ ಇಲ್ಲದಿರುವುದರಲ್ಲಿ. ಹಿಂದೆ ಉಣ್ಣೆಯ ಚಡ್ಡಿಯೊಳಗೆ ಯೂರೋಪಿನ ಬೆಟ್ಟದಾಡಿನ ಮೃದುವಾದ ಚರ್ಮವನ್ನು ಹೊಲಿಯುತ್ತಿದ್ದರು. ಒಗೆದು ಒಣಗಿಸಿದರೆ ಅದು ಹಪ್ಪಳದಂತೆ ಸೆಟೆಯುತ್ತಿತ್ತು. ಸವಾರರು ಮುಲಾಮು ಹಚ್ಚಿ ಮೆದು ಮಾಡಿಕೊಳ್ಳಬೇಕಾಗಿತ್ತು. ಮೈಗಂಟುವ ಲೈಕ್ರಾ ನೂಲು ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು 1958ರಲ್ಲಿ. ಈ ಚಡ್ಡಿಯ ಒಳಗೆ ಇನ್ನೊಂದು ಒಳಚಡ್ಡಿ ಹಾಕಬಾರದು. ನೀವು ಹಾಕುತ್ತಿದ್ದೀರಿ ಎಂದು ಪತ್ರದ ಮೂರನೆಯ ಪುಟದಿಂದ ತಿಳಿಯಿತು. ಅಲ್ಲಿ ನೀವು ಸಂಕೋಚದಿಂದ ವರ್ಣಿಸಿರುವ ಉರಿಗೆ ಕಾರಣ ಅದೇ.

ಇಷ್ಟೆಲ್ಲ ಹೇಳಿದ ಮೇಲೂ, ದಿನದ ಎಂಟು ಕಿಲೋಮೀಟರಿಗೆ ಅದು ಬೇಡ. ಮುಂದಕ್ಕೆ ಬಾಗಿ, ಕಿರಿದಾದ ಸೀಟಿನ ಮೇಲೆ ಗಂಟೆಗಟ್ಟಲೆ ಕೂರುವವರಿಗಾಗಿ ಹುಟ್ಟಿದ ಉಡುಪು ಅದು. ನಿಮ್ಮದು ಸ್ಪ್ರಿಂಗ್ ಇರುವ ಅಗಲ ಸೀಟಿನ ಕರಿ ಸೈಕಲ್; ನೆಟ್ಟಗೆ ಕೂತಾಗ ಭಾರವನ್ನು ಕುಂಡೆಯ ಮೂಳೆಗಳು ಹೊರುತ್ತವೆ, ಅವು ಇರುವುದೇ ಅದಕ್ಕೆ. ಇನ್ನು ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಎದುರಿಸಲು ಎಂಟು ಪಟ್ಟು ಶಕ್ತಿ ಬೇಕು. ಗಂಟೆಗೆ ಮೂವತ್ತೈದು ಕಿಲೋಮೀಟರ್ ಓಡುವವನಿಗೆ ಅಂಗಿಯ ಪಟಪಟ ಸದ್ದೂ ಶತ್ರು. ಹನ್ನೆರಡರಲ್ಲಿ ಹೋಗುವ ನಿಮಗೆ ಅದು ತಂಪು.

ಬಟ್ಟೆಯ ವಿಷಯದಲ್ಲಿ ನೀವು ಕುಳಿತಿರುವ ಊರಾದರೂ ಯಾವುದು? ದೇಶದ ನಾನಾ ಕಡೆಗೆ ಜೀನ್ಸ್ ಹೊಲಿದು ಕಳಿಸುವ ಊರು. ಯಾವ ದರ್ಜಿಯ ಹತ್ತಿರವಾದರೂ ಹೋಗಿ, ಪೈಜಾಮದ ತೊಡೆಸಂದಿಗೆ ಹಾಕುತ್ತಾರಲ್ಲ, ಅಂಥದೇ ಒಂದು ಚೌಕ ತುಂಡನ್ನು ಪ್ಯಾಂಟಿಗೆ ಇಟ್ಟುಕೊಡಿ ಎನ್ನಿ. ನಾಲ್ಕು ಹೊಲಿಗೆಗಳೂ ಸೀಟಿನ ಜಾಗ ಬಿಟ್ಟು ಅತ್ತಿತ್ತ ಸರಿದುಕೊಳ್ಳುತ್ತವೆ. ಮೇಲೆ ತೆಳು ಬಣ್ಣದ ಸಡಿಲವಾದ ಹತ್ತಿಯ ಅಂಗಿ. ಹತ್ತಿ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಸವಾರರಿಗೆ ಸಲ್ಲದು ಎಂದು ಆ ಗುಂಪು ಹೇಳಿದೆಯಂತೆ. ಚಳಿ ದೇಶಕ್ಕೆ ಆ ಮಾತು ನಿಜ, ಮಂಗಳೂರಿನಂಥ ತೇವದ ಊರಿಗೂ ಒಂದಿಷ್ಟು ನಿಜ. ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಒಣ ಗಾಳಿಯಲ್ಲಿ ಒದ್ದೆ ಅಂಗಿ ಆರುತ್ತ ಮೈಯನ್ನೂ ತಣಿಸುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಹೀಗೆಯೇ.

ನಿಜವಾಗಿ ಹೆದರಬೇಕಾದದ್ದು ಚೈನಿಗೆ. ನಾನು ಪಂಚೆ ಉಟ್ಟು ಸೈಕಲ್ ತುಳಿದ ಕಾಲದವನು. ಒಮ್ಮೆ ಅಂಚು ಚೈನಿಗೆ ಸಿಕ್ಕಿ, ಪೇಟೆಯ ನಡುವೆ, ತರಕಾರಿ ಗಾಡಿಗಳ ಮುಂದೆ, ಅರ್ಧ ಪಂಚೆಯನ್ನು ಸೈಕಲ್ಲಿಗೆ ಬಿಟ್ಟುಕೊಟ್ಟು ಇಳಿದೆ. ಆ ದಿನ ಯಾವ ಬೆಕ್ಕೂ ಅಡ್ಡ ಬಂದಿರಲಿಲ್ಲ. ಬಲಗಾಲಿನ ಪ್ಯಾಂಟಿಗೆ ಒಂದು ಕ್ಲಿಪ್ ಹಾಕಿ, ಸಾಕು.

ಹಾಗಾದರೆ ಆ ಗುಂಪು ನಿಮ್ಮನ್ನು ಅಷ್ಟು ಹೆದರಿಸಿದ್ದೇಕೆ? ನನಗನಿಸುವಂತೆ, ಅವರಿಗೆ ಅದು ಮಡಿಬಟ್ಟೆ. ಉಡದವನು ಪಂಕ್ತಿಗೆ ಬರಕೂಡದು. ತಾಯಿಯವರ ನಿಂಬೆಹಣ್ಣಿಗೆ ನಗುವವರು ಬಟ್ಟೆಯ ಮಡಿಯನ್ನು ಮಾತ್ರ ವಿಜ್ಞಾನ ಎಂದುಕೊಳ್ಳುವುದು ನನಗೆ ತಮಾಷೆಯಾಗಿ ಕಾಣುತ್ತದೆ. ವೃತ್ತಿಪರ ಸವಾರರನ್ನೇ ನೋಡಿ. 13ರ ಸಂಖ್ಯೆ ಬಂದರೆ ಅದನ್ನು ತಲೆಕೆಳಗಾಗಿ ಅಂಟಿಸಿಕೊಂಡು ಓಡುತ್ತಾರೆ. ವಿಶ್ವ ಚಾಂಪಿಯನ್ನನಿಗೆ ಕಾಮನಬಿಲ್ಲಿನ ಬಣ್ಣದ ಪಟ್ಟಿಗಳಿರುವ ಬಿಳಿ ಅಂಗಿ ಕೊಡುತ್ತಾರೆ. ಆ ಅಂಗಿಗೆ ಶಾಪವಿದೆ, ತೊಟ್ಟವನಿಗೆ ಮುಂದಿನ ವರ್ಷ ಕೇಡು ಎಂಬ ನಂಬಿಕೆ ಅವರಲ್ಲಿ ಬಲವಾಗಿದೆ. ಬೆಲ್ಜಿಯಂನ ಜಾನ್ ಪಿಯರ್ ಮೊನ್ಸೆರೆ 1970ರಲ್ಲಿ ಗೆದ್ದು, 1971ರ ಮಾರ್ಚ್‌ನಲ್ಲಿ ಅದೇ ಅಂಗಿಯಲ್ಲಿ ಓಟದ ನಡುವೆ ಕಾರಿಗೆ ಡಿಕ್ಕಿಯಾಗಿ ಸತ್ತ. ಇಂಥ ಸಾವುಗಳನ್ನು ಮರೆಯುವುದು ಕಷ್ಟ, ಹಾಗಾಗಿ ಶಾಪ ಬೆಳೆಯುತ್ತದೆ. 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿ ನೋಡಿತು. ಮರುವರ್ಷ ಗೆಲುವು ಕಡಿಮೆಯಾಗುವುದು ನಿಜ. ಆದರೆ ಚಾಂಪಿಯನ್ ಆದ ವರ್ಷವೇ ಅವರ ಪಾಲಿಗೆ ಎಂದಿಗಿಂತ ಮೇಲಿನ ವರ್ಷ, ಮರುವರ್ಷ ಅವರು ತಮ್ಮ ಎಂದಿನ ಮಟ್ಟಕ್ಕೆ ಇಳಿಯುತ್ತಾರೆ, ಅಷ್ಟೇ. ಸಿರುಗುಪ್ಪದ ಕಡೆಯ ರೈತನಿಗೆ ಒಂದು ವರ್ಷ ಮೆಣಸಿನಕಾಯಿ ಭರ್ಜರಿಯಾಗಿ ಬಂದು, ಮರುವರ್ಷ ಎಂದಿನಷ್ಟೇ ಬಂದರೆ ಹೊಲಕ್ಕೆ ಕಣ್ಣು ಬಿತ್ತು ಎನ್ನುವುದಿಲ್ಲವೇ? ಅದೇ ಇದು.

ಇನ್ನು ನಿಂಬೆಹಣ್ಣು. ತಾಯಿಯವರ ಸಮಾಧಾನಕ್ಕೆ ಇರಲಿ ಬಿಡಿ. ದಾರವನ್ನು ಮಾತ್ರ ಗಿಡ್ಡ ಮಾಡಿ. ಜೋತಾಡುವ ದಾರ ಮುಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿದರೆ ದೃಷ್ಟಿ ತೆಗೆಯುವ ವಸ್ತುವೇ ಹಲ್ಲು ತೆಗೆಯುತ್ತದೆ. ಖಂಡೇನವಮಿಯ ಪೂಜೆಯ ಬಗ್ಗೆ ನನಗೆ ಗೌರವವೇ ಇದೆ. ನಮ್ಮ ಕಡೆಯ ಬಹುಪಾಲು ಸೈಕಲ್ಲುಗಳು ವರ್ಷಕ್ಕೊಮ್ಮೆ ನೀರು, ಬಟ್ಟೆ, ಎಣ್ಣೆ ಕಾಣುವುದು ಆ ದಿನವೇ. ಹುಡುಗನಾಗಿದ್ದಾಗ ಭಕ್ತಿ ಉಕ್ಕಿ ರಿಮ್ಮಿಗೂ ಎಣ್ಣೆ, ಅರಿಸಿನ ಬಳಿದು, ಮರುದಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಬಣವೆಗೆ ನುಗ್ಗಿದವನು ನಾನು. ಎಣ್ಣೆ ಚೈನಿಗೆ, ಕುಂಕುಮ ಹ್ಯಾಂಡಲ್‌ಗೆ.

ಇಂಥ ವಾರ ಇಂಥ ದಿಕ್ಕಿಗೆ ಹೊರಡಬಾರದು ಎನ್ನುವ ವಾರಶೂಲೆಗೆ ಮಾತ್ರ ಮಣಿಯಬೇಡಿ. ವಾರಕ್ಕೆ ಎರಡು ದಿನ ರಜೆ ಕೊಟ್ಟರೆ ಸಕ್ಕರೆ ಕಾಯಿಲೆ ಆ ಎರಡು ದಿನ ರಜೆ ತೆಗೆದುಕೊಳ್ಳುವುದಿಲ್ಲ. ಅಷ್ಟಕ್ಕೂ ಈ ಭಾಗದ ಸೈಕಲ್ಲಿಗೆ ಶನಿ ಎಂಬುದು ಒಂದಿದ್ದರೆ ಅದು ಬಳ್ಳಾರಿ ಜಾಲಿ. ಆ ಮುಳ್ಳಿಗೆ ತಿಥಿ ವಾರಗಳ ಭೇದವಿಲ್ಲ. ನನಗೂ ಒಂದು ಮೂಢನಂಬಿಕೆ ಇದೆ ಎಂದು ಒಪ್ಪಿಕೊಳ್ಳುತ್ತೇನೆ: ಈ ತಿಂಗಳು ಪಂಕ್ಚರ್ ಆಗಿಲ್ಲ ಎಂದು ಬಾಯಿಬಿಟ್ಟು ಹೇಳುವುದಿಲ್ಲ.

ಈಗ ಸಹಿಯ ಕೆಳಗಿನ ಸಾಲು. ಕುರುಗೋಡಿನ ಹತ್ತಿರದ ಹಳ್ಳಿಯಲ್ಲಿರುವ ನಿಮ್ಮ ತಂಗಿಯ ಮಗಳು ಒಂಬತ್ತನೆಯ ತರಗತಿ. ಮೈನೆರೆದ ಮೇಲೆ ಅಜ್ಜಿ ಆಕೆಯ ಸೈಕಲ್ ಬಿಡಿಸಿದ್ದಾರೆ, "ಗರ್ಭಕ್ಕೆ ಕೇಡು" ಎಂದು. ಶಾಲೆಗೆ ಮೂರು ಕಿಲೋಮೀಟರ್ ನಡೆಯುತ್ತಾಳೆ, ಬಸ್ ಸಿಕ್ಕಿದರೆ ಬಸ್ಸು. ಆಕೆಯ ಅಕ್ಕನಿಗೆ ಎಂಟನೆಯ ತರಗತಿಯಲ್ಲಿ ಸರ್ಕಾರ ಕೊಟ್ಟಿದ್ದ ಸೈಕಲ್ ಕೊಟ್ಟಿಗೆಯಲ್ಲಿ ನಿಂತಿದೆ. ನಾಲ್ಕು ಪುಟ ಚಡ್ಡಿಗೆ, ಒಂದು ಸಾಲು ಇದಕ್ಕೆ! ಕೋಪ ಬಂತು, ಕ್ಷಮಿಸಿ.

ಅಜ್ಜಿಯನ್ನು ಹಳಿಯಬೇಡಿ. 1890ರ ದಶಕದಲ್ಲಿ ಇಂಗ್ಲೆಂಡ್, ಅಮೆರಿಕದ ಹೆಂಗಸರು ಸೈಕಲ್ ಹತ್ತಿದಾಗ ಅಲ್ಲಿನ ವೈದ್ಯರೇ "ಸೈಕಲ್ ಮುಖ" ಎಂಬ ಕಾಯಿಲೆಯನ್ನು ಕಲ್ಪಿಸಿಕೊಂಡರು: ಕಣ್ಣುಗುಡ್ಡೆ ಹೊರಚಾಚಿ, ದವಡೆ ಬಿಗಿದು, ಹೆಣ್ಣಿನ ಚೆಲುವೆಲ್ಲ ಹೋಗುತ್ತದೆಯಂತೆ. ಗರ್ಭದ ಭಯವನ್ನೂ ಹುಟ್ಟಿಸಿದರು. ಓದಿದವರೇ ಹಾಗೆ ಹೇಳಿರುವಾಗ ಆ ಹುಡುಗಿಯ ಅಜ್ಜಿಯದು ಏನು ಮಹಾ ತಪ್ಪು? ಗರ್ಭಕೋಶ ಇರುವುದು ಕಿಬ್ಬೊಟ್ಟೆಯಲ್ಲಿ, ಸೊಂಟದ ಮೂಳೆಗಳ ಬಟ್ಟಲಿನೊಳಗೆ ಭದ್ರವಾಗಿ. ಸೀಟಿನ ಕುಲುಕಾಟ ಅದಕ್ಕೆ ಕೇಡು ಮಾಡುವುದಿಲ್ಲ. ಮುಟ್ಟಿನ ದಿನಗಳಲ್ಲೂ ತುಳಿಯಬಹುದು. ಮೈ ಆಡಿಸಿದರೆ ಹೊಟ್ಟೆನೋವು ತಗ್ಗುವವರೇ ಹಲವರು. ಅಜ್ಜಿ ಬಾಯಿಬಿಟ್ಟು ಹೇಳದ ಇನ್ನೊಂದು ಭಯ ಕನ್ಯಾಪೊರೆಯದು. ಅದನ್ನು ನೋಡಿ ಹೆಣ್ಣಿನ ಕನ್ಯತ್ವ ಹೇಳಲು ಬರುವುದಿಲ್ಲ, ಅಂಥ ಪರೀಕ್ಷೆಗೆ ವೈಜ್ಞಾನಿಕ ಆಧಾರವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2018ರಲ್ಲಿ ಜಂಟಿಯಾಗಿ ಸಾರಿವೆ. ಇದನ್ನು ಅಜ್ಜಿಗೆ ನೀವು ಹೇಳಲಾರಿರಿ, ನಿಮ್ಮ ತಂಗಿ ಹೇಳಬಲ್ಲರು.

ನಿಂಬೆಹಣ್ಣು ನಿಮ್ಮನ್ನು ಸೈಕಲ್ಲಿನಿಂದ ಇಳಿಸಲಿಲ್ಲ, ಆದ್ದರಿಂದ ಅದರ ಜೊತೆ ನನಗೆ ಜಗಳವಿಲ್ಲ. ಈ ನಂಬಿಕೆ ಆ ಹುಡುಗಿಯನ್ನು ಇಳಿಸಿದೆ. ಕರ್ನಾಟಕದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ್ದು, ಪ್ರೌಢಶಾಲೆ ದೂರವೆಂದು ಮಕ್ಕಳು ಓದು ಬಿಡಬಾರದು ಎಂದು. ಮೈನೆರೆಯುವ ವಯಸ್ಸೂ ಅದೇ ಎಂಬುದನ್ನು ಗಮನಿಸಿ.

ಕೊಟ್ಟಿಗೆಯ ಸೈಕಲ್ಲಿನ ಟ್ಯೂಬುಗಳು ಇಷ್ಟು ಹೊತ್ತಿಗೆ ಬಿರುಕು ಬಿಟ್ಟಿರುತ್ತವೆ. ಎರಡು ಟ್ಯೂಬು, ನಾಲ್ಕು ಬ್ರೇಕ್ ರಬ್ಬರು, ಚೈನಿಗೆ ಎಣ್ಣೆ ಕೊಂಡುಕೊಳ್ಳಿ. ಹುಡುಗಿ ಬೆಳೆದಿದ್ದಾಳೆ, ಸೀಟನ್ನು ಎತ್ತರಿಸಲು ಒಂದು ಪಾನವೂ ಇರಲಿ. ಚಡ್ಡಿಯನ್ನು ಅಂಗಡಿಯವರು ವಾಪಸು ಪಡೆಯುವುದಿಲ್ಲ ಎಂದು ಕೊರಗಿದ್ದೀರಿ. ಭಾನುವಾರ ನಸುಕಿನಲ್ಲಿ, ಮನೆಯವರು ಏಳುವ ಮೊದಲೇ, ಅದನ್ನು ತೊಟ್ಟು ಹೊರಡಿ. ಹೋಗಿ ಬರಲು ಐವತ್ತು ಕಿಲೋಮೀಟರ್ ದಾಟುತ್ತದೆ, ಅಷ್ಟು ದೂರಕ್ಕೆ ಅದು ಬೇಕಾಗುತ್ತದೆ. ಭಾನುವಾರದ ಶೂಲ ಪಶ್ಚಿಮಕ್ಕೆ, ಕುರುಗೋಡು ಉತ್ತರಕ್ಕೆ. ತಾಯಿಯವರೂ ಬೇಡ ಎನ್ನಲಾರರು.

ಸಂಪಾದಕ