ಹನ್ನೆರಡನೇ ತರಗತಿಯಲ್ಲಿ ಸಾಧಾರಣ ಅಂಕ ಬಂದಿದೆ. ವಿದೇಶದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಬಹುದಾ?

ಖಂಡಿತ ಓದಬಹುದು. ನನಗೆ ಬಂದಿದ್ದು ಶೇ 56. ಆಮೇಲೆ ಸ್ವಿಟ್ಜರ್ಲೆಂಡ್‌ನ ಒಂದು ಹೋಟೆಲ್ ಶಾಲೆಯಲ್ಲಿ ಸೀಟು ಸಿಕ್ಕಿತು.

ಅಲ್ಲಿನ ಇಂಟರ್‌ವ್ಯೂನಲ್ಲಿ ಅಂಕದ ಬಗ್ಗೆ ಒಂದೇ ಪ್ರಶ್ನೆ ಬಂತು. ಇನ್ನೊಂದು ಪ್ರಶ್ನೆ ಈಗಲೂ ನೆನಪಿದೆ: "ರಾತ್ರಿ ಹನ್ನೊಂದಕ್ಕೆ ಅತಿಥಿ ಬಂದಿದ್ದಾರೆ, ಅವರು ಬುಕ್ ಮಾಡಿದ ರೂಮ್ ಬೇರೆಯವರಿಗೆ ಹೋಗಿಬಿಟ್ಟಿದೆ. ಏನು ಮಾಡ್ತೀರಿ?" ಮೊದಲು ಕೂರಿಸಿ ನೀರು ಕೊಡ್ತೀನಿ, ತಪ್ಪು ನಮ್ಮದು ಅಂತ ಒಪ್ಪಿಕೊಳ್ತೀನಿ, ಹತ್ತಿರದ ಹೋಟೆಲ್‌ನಲ್ಲಿ ನಮ್ಮ ಖರ್ಚಿನಲ್ಲೇ ರೂಮ್ ಮಾಡಿಸ್ತೀನಿ ಅಂದೆ. ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಅರ್ಜಿ ಹಾಕುವ ಮುಂಚೆ ನಾಲ್ಕು ತಿಂಗಳು ಒಂದು ಸಣ್ಣ ಹೋಟೆಲ್‌ನ ರಿಸೆಪ್ಷನ್‌ನಲ್ಲಿ ನಿಂತಿದ್ದೆ. ನಮ್ಮ ಮ್ಯಾನೇಜರ್ ಹೀಗೇ ಮಾಡಿದ್ದನ್ನು ಕಣ್ಣಾರೆ ನೋಡಿದ್ದೆ. ಹಾಗಾಗಿ ನೀವೂ ಮೊದಲು ಎಲ್ಲಾದರೂ ಕೆಲಸಕ್ಕೆ ಸೇರಿ. ಬಡಿಸೋದು, ರೂಮ್ ಕ್ಲೀನಿಂಗ್, ಏನಾದರೂ ಸರಿ. ಹೊರಡುವಾಗ ಅನುಭವ ಪತ್ರ ಕೇಳಿ ಪಡೆಯಿರಿ.

ಇಂಗ್ಲಿಷ್ ಮಾತ್ರ ಬೇಕೇ ಬೇಕು. ಹೆಚ್ಚಿನ ಕಡೆ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯಲ್ಲಿ 5.5ರಿಂದ 6 ಅಂಕ ಕೇಳುತ್ತಾರೆ. ಸ್ವಿಟ್ಜರ್ಲೆಂಡ್‌ನ ಲೌಸಾನ್ ನಗರದಲ್ಲಿರುವ, 1893ರಲ್ಲಿ ಶುರುವಾದ ಹೋಟೆಲ್ ಶಾಲೆಯಂಥ ಕಡೆ ಪೈಪೋಟಿ ಜಾಸ್ತಿ. ಅರ್ಜಿ ಹಾಕಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ನಿಜವಾದ ಕಷ್ಟ ದುಡ್ಡಿನದು. ಸ್ವಿಟ್ಜರ್ಲೆಂಡ್‌ನ ಖಾಸಗಿ ಶಾಲೆಗಳ ಫೀಸ್ ತುಂಬಾ ಜಾಸ್ತಿ. ನಡುವೆ ಆರಾರು ತಿಂಗಳ ಇಂಟರ್ನ್‌ಶಿಪ್ ಇರುತ್ತದೆ, ಸಂಬಳವೂ ಬರುತ್ತದೆ. ನನ್ನ ಸಂಬಳ ಊಟ, ಬಾಡಿಗೆಗೆ ಸರಿಹೋಯಿತು, ಸಾಲಕ್ಕೆ ಏನೂ ಉಳಿಯಲಿಲ್ಲ. "ಇಂಟರ್ನ್‌ಶಿಪ್ ದುಡ್ಡಲ್ಲೇ ಫೀಸ್ ತೀರಿಸಬಹುದು" ಅಂತ ನನಗೆ ಒಬ್ಬ ಏಜೆಂಟ್ ಹೇಳಿದ್ದರು. ಆ ಮಾತು ನಂಬಿ ಅಪ್ಪ ಸಾಲ ಮಾಡಿದರು. ಅದನ್ನು ನೆನೆದರೆ ಇವತ್ತಿಗೂ ಸಂಕಟ ಆಗುತ್ತೆ. ಏಜೆಂಟ್‌ಗೆ ಎಷ್ಟೋ ಸಲ ಕಮಿಷನ್ ಕೊಡೋದು ಕಾಲೇಜೇ, ಅಲ್ವಾ? ನೀವೇ ಶಾಲೆಗೆ ಇಮೇಲ್ ಬರೆದು, ಹಾಸ್ಟೆಲ್, ವಿಮೆ ಎಲ್ಲ ಸೇರಿಸಿ ಒಟ್ಟು ಖರ್ಚು ಎಷ್ಟು ಅಂತ ಕೇಳಿ.

ಅಷ್ಟು ದುಡ್ಡಿಲ್ಲ ಅಂದರೆ ಜರ್ಮನಿಯ ಔಸ್‌ಬಿಲ್ಡುಂಗ್ ನೋಡಿ. ಮೂರು ವರ್ಷದ ತರಬೇತಿ, ಹೋಟೆಲ್‌ನಲ್ಲಿ ಕೆಲಸ, ಜೊತೆಗೆ ವೃತ್ತಿ ಶಾಲೆಯಲ್ಲಿ ಪಾಠ. ಹೋಟೆಲ್‌ನವರೇ ತಿಂಗಳು ತಿಂಗಳು ಸಂಬಳ ಕೊಡುತ್ತಾರೆ. ಕೊನೆಗೆ ಸಿಗೋದು ಡಿಗ್ರಿ ಅಲ್ಲ, ವೃತ್ತಿ ಪ್ರಮಾಣಪತ್ರ. ಆದರೆ ಅಲ್ಲಿ ಅದಕ್ಕೆ ಒಳ್ಳೇ ಬೆಲೆ ಇದೆ. ನನ್ನ ತಮ್ಮ ಈ ದಾರಿಯಲ್ಲೇ ಹೋದ. ಅಪ್ಪ ಇನ್ನೊಂದು ಸಾಲ ಮಾಡಬೇಕಾಗಲಿಲ್ಲ. ಇದಕ್ಕೆ ಜರ್ಮನ್ ಭಾಷೆ ಸಾಮಾನ್ಯವಾಗಿ ಬಿ1 ಮಟ್ಟಕ್ಕಾದರೂ, ಅಂದರೆ ದಿನನಿತ್ಯದ ಮಾತುಕತೆ ನಡೆಸುವಷ್ಟಾದರೂ, ಬರಬೇಕು. ಅವನಿಗೆ ಅಷ್ಟು ಕಲಿಯೋಕೆ ಹತ್ತು ತಿಂಗಳು ಹಿಡಿಯಿತು. ಈ ಕಡೆ ಮನಸ್ಸಿದ್ದರೆ ಕ್ಲಾಸ್‌ಗೆ ಈಗಲೇ ಸೇರಿಬಿಡಿ.