ಕಡ್ಡಿ ಐದೂ ಇವೆ, ಮಾತು ಮಾತ್ರ ಒಡೆಯುತ್ತಿದೆ: ಸ್ಕ್ಯಾನರ್ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇನೆ. ಪೊಲೀಸ್, ಅಗ್ನಿಶಾಮಕ ದಳದ ರೇಡಿಯೋ ಮಾತು ಕೇಳುವ ಸ್ಕ್ಯಾನರ್‌ನಲ್ಲಿ ಸಿಗ್ನಲ್ ಕಡ್ಡಿ ಐದೂ ತುಂಬಿರುತ್ತವೆ. ಆದರೂ ಅಗ್ನಿಶಾಮಕ ದಳದ ಮಾತು ಗೊರಗೊರ ಎಂದು ಒಡೆದು, ಅರ್ಧಕ್ಕೇ ನಿಲ್ಲುತ್ತದೆ. ಸಿಗ್ನಲ್ ಹೆಚ್ಚಿಸುವ ಆಂಪ್ಲಿಫಯರ್ ಹಾಕಿಸಲೇ?

ಉತ್ತರ: ಬೇಡ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಯಾರೋ ಒಬ್ಬರು ಆಂಪ್ಲಿಫಯರ್ ಮಾರಲು ಕಾದಿರುತ್ತಾರೆ. ನಿಮಗೆ ಸಿಗ್ನಲ್ ಕಡಿಮೆಯಾಗಿಲ್ಲ, ಹೆಚ್ಚಾಗಿದೆ.

ನಿಮ್ಮ ಸಾಂಟಾ ಕ್ಲಾರಾ ಕೌಂಟಿಯ ರೇಡಿಯೋ ವ್ಯವಸ್ಥೆ 700 ಮೆಗಾಹರ್ಟ್ಸ್‌ನ ಪಿ25 (ತುರ್ತು ಸೇವೆಗಳ ಡಿಜಿಟಲ್ ರೇಡಿಯೋ ಪದ್ಧತಿ) ಫೇಸ್ 2 ಸೈಮಲ್‌ಕಾಸ್ಟ್. ಸೈಮಲ್‌ಕಾಸ್ಟ್ ಅಂದರೆ ಹಲವು ಟವರ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ, ಒಂದೇ ಕ್ಷಣಕ್ಕೆ ಒಂದೇ ಮಾತನ್ನು ಬಿಡುತ್ತವೆ. ಧ್ವನಿ ಸೆಕೆಂಡಿಗೆ 6,000 ಸಿಂಬಲ್‌ಗಳಂತೆ (ಡಿಜಿಟಲ್ ಸಂಕೇತದ ತುಣುಕುಗಳು) ಹರಿಯುತ್ತದೆ. ಒಂದೊಂದರ ಆಯಸ್ಸು ಸುಮಾರು 167 ಮೈಕ್ರೋಸೆಕೆಂಡು. ರೇಡಿಯೋ ಅಲೆ ಒಂದು ಮೈಕ್ರೋಸೆಕೆಂಡಿಗೆ 300 ಮೀಟರ್ ಓಡುತ್ತದೆ. ಒಂದು ಟವರ್ ನಿಮ್ಮಿಂದ 3 ಕಿ.ಮೀ., ಇನ್ನೊಂದು 18 ಕಿ.ಮೀ. ದೂರವಿದ್ದರೆ ಎರಡನೆಯದು 50 ಮೈಕ್ರೋಸೆಕೆಂಡು ತಡವಾಗಿ ಬಂದು ಮೊದಲನೆಯದರ ಮೇಲೆ ಕೂರುತ್ತದೆ. ಸಿಬ್ಬಂದಿಯ ರೇಡಿಯೋ ಈ ಕಲಸುಮೇಲೋಗರವನ್ನು ಬಿಡಿಸಿಕೊಳ್ಳುತ್ತದೆ. ಯುನಿಡೆನ್ ಬಿಸಿಡಿ436ಎಚ್‌ಪಿ, 996ಪಿ2 ಥರದ ಸ್ಕ್ಯಾನರ್‌ಗಳು ಅದನ್ನು ಮಾಮೂಲಿ ಎಫ್‌ಎಂ ಎಂದು ಓದಿ ಎಡವುತ್ತವೆ. ಆಂಪ್ಲಿಫಯರ್ ಎಲ್ಲ ಟವರ್‌ಗಳನ್ನೂ ಒಟ್ಟಿಗೇ ಎತ್ತುವುದರಿಂದ ಕಾಟ ಹಾಗೇ ಉಳಿಯುತ್ತದೆ.

ಮೊದಲು ಖಚಿತಪಡಿಸಿಕೊಳ್ಳಿ. ಒಂದೇ ಸೈಟ್ (ಒಟ್ಟಾಗಿ ಬಿಡುವ ಟವರ್‌ಗಳ ಗುಂಪು) ಮೇಲೆ ಹೋಲ್ಡ್ ಹಾಕಿ, ಸ್ಕ್ಯಾನರನ್ನು ಹತ್ತು ಸೆಂಟಿಮೀಟರ್ ಆಚೀಚೆ ಸರಿಸಿ. 770 ಮೆಗಾಹರ್ಟ್ಸ್‌ನಲ್ಲಿ ಕಾಲು ಅಲೆ ಅಷ್ಟೇ ಉದ್ದ. ಕಡ್ಡಿ ಬದಲಾಗದೆ ಮಾತು ಮಾತ್ರ ಒಮ್ಮೆ ಸರಿಹೋಗಿ ಒಮ್ಮೆ ಕೆಟ್ಟರೆ ಬಹುಮಟ್ಟಿಗೆ ಸೈಮಲ್‌ಕಾಸ್ಟೇ ಕಾರಣ. ಆಮೇಲೆ ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಹಾಕಿ ನೋಡಿ, ಆಂಟೆನಾ ಗಿಡ್ಡ ಮಾಡಿ, ಒಂದೇ ಟವರ್‌ನ ದಿಕ್ಕಿಗಿರುವ ಕಿಟಕಿಗೆ ಒಯ್ಯಿರಿ. ದೂರದ ಟವರ್‌ಗಳು ಡಿಕೋಡ್ ಮಿತಿಯ ಕೆಳಗಿಳಿದು ಹತ್ತಿರದ್ದೊಂದೇ ಉಳಿದರೆ ಗೆದ್ದಿರಿ. ಮನೆಯಲ್ಲೇ ಕೂತು ಕೇಳುವವರಿಗೆ, ಒಂದೇ ದಿಕ್ಕಿನ ಸಿಗ್ನಲ್ ಹೆಚ್ಚು ಹಿಡಿಯುವ ಸಣ್ಣ ಯಾಗಿ ಆಂಟೆನಾ ಇನ್ನೂ ಒಳ್ಳೆಯದು. ಅದನ್ನು ಹತ್ತಿರದ ಟವರ್‌ಗೇ ತಿರುಗಿಸಬೇಕೆಂದಿಲ್ಲ. ಬೆನ್ನ ಹಿಂದೆ ಉಳಿದವು ಅಡಗುವ ದಿಕ್ಕು ಹುಡುಕಿ.

ಇಷ್ಟಕ್ಕೂ ಬಗ್ಗದಿದ್ದರೆ ಯಂತ್ರವನ್ನೇ ಬದಲಿಸಿ: ಯುನಿಡೆನ್ ಎಸ್‌ಡಿಎಸ್100 ಅಥವಾ 200. ಅದರಲ್ಲೂ ತಕರಾರಾದರೆ ಸೈಟ್‌ನ ಫಿಲ್ಟರ್ ‘ಇನ್ವರ್ಟ್’ ಮಾಡಿ ನೋಡಿ. ಕಂಪ್ಯೂಟರ್ ಬಲ್ಲವರಿಗೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ರೇಡಿಯೋ) ಅಗ್ಗದ ದಾರಿ. ಎಸ್‌ಡಿಆರ್‌ಟ್ರಂಕ್ ಸಾಫ್ಟ್‌ವೇರ್‌ನಲ್ಲಿ ಕಂಟ್ರೋಲ್ ಚಾನೆಲ್‌ಗೆ (ಮಾತು ಯಾವ ಚಾನೆಲ್‌ನಲ್ಲಿದೆ ಎಂದು ತಿಳಿಸುವ ಚಾನೆಲ್) ‘ಸಿ4ಎಫ್‌ಎಂ’ ಬಿಟ್ಟು ಸೈಮಲ್‌ಕಾಸ್ಟ್‌ಗೆ ತಕ್ಕ ‘ಎಲ್‌ಎಸ್‌ಎಂ’ ಆರಿಸಿ. ಓಪಿ25 ಸಾಫ್ಟ್‌ವೇರ್ ಆದರೆ ‘ಸಿಕ್ಯುಪಿಎಸ್‌ಕೆ’. ಇದೊಂದನ್ನು ಮರೆತೇ ಅನೇಕರು ಡಾಂಗಲ್ ಕೆಟ್ಟಿದೆ ಎಂದು ಎಸೆಯುತ್ತಾರೆ. ಒಂದು ಡಾಂಗಲ್ ಸುಮಾರು 2.4 ಮೆಗಾಹರ್ಟ್ಸ್ ಅಗಲ ಮಾತ್ರ ನೋಡಬಲ್ಲದು. ಚಾನೆಲ್‌ಗಳು ಹರಡಿಕೊಂಡಿದ್ದರೆ ಎರಡು-ಮೂರು ಬೇಕು. ಡಾಂಗಲ್‌ನ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಪೂರ್ತಿ ಏರಿಸಬೇಡಿ.

ಪ್ರಶ್ನೆ: ನನ್ನ ಬಿಸಿಡಿ396ಎಕ್ಸ್‌ಟಿ ಸ್ಕ್ಯಾನರ್‌ನಲ್ಲಿ ಕಂಟ್ರೋಲ್ ಚಾನೆಲ್ ಚೆನ್ನಾಗಿ ಸಿಗುತ್ತದೆ, ಮಾತೇ ಇಲ್ಲ.

ಉತ್ತರ: ಅದಕ್ಕೆ ಪಿ25ರ ಹಳೆಯ ಫೇಸ್ 1 ಬಿಟ್ಟು ಬೇರೆ ಗೊತ್ತಿಲ್ಲ, ಇಲ್ಲಿನ ಮಾತು ಫೇಸ್ 2ರಲ್ಲಿದೆ. ಯಾವ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಿಲ್ಲ.

ಪ್ರಶ್ನೆ: ಪೊಲೀಸರ ಎನ್‌ಕ್ರಿಪ್ಶನ್ (ಮಾತನ್ನು ಗುಪ್ತವಾಗಿಸುವ ಬೀಗ) ಒಡೆಯುವ ಸಾಫ್ಟ್‌ವೇರ್ ಮಾರುತ್ತಿದ್ದಾರೆ, ಕೊಳ್ಳಬಹುದೇ?

ಉತ್ತರ: ಶುದ್ಧ ಮೋಸ. ಆ ಬೀಗ ಎಇಎಸ್-256 ಎಂಬ ಗೂಢಲಿಪಿಯದಾದರೆ, ಕೀಲಿ ಇಲ್ಲದೆ ಅದನ್ನು ತೆರೆಯಲು ಯಾವ ಸಾಫ್ಟ್‌ವೇರಿಗೂ ಆಗದು, ಪ್ರಯತ್ನಿಸುವುದೂ ಕಾನೂನಿಗೆ ವಿರುದ್ಧ. ಜನರ ಖಾಸಗಿ ವಿವರಗಳನ್ನು ಗಾಳಿಯಲ್ಲಿ ಬಯಲು ಮಾಡಬಾರದೆಂದು ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆ 2020ರ ಅಕ್ಟೋಬರ್‌ನಲ್ಲಿ ಹೇಳಿದ ಮೇಲೆ ಅನೇಕ ಪೊಲೀಸ್ ಇಲಾಖೆಗಳು ತಮ್ಮ ರೇಡಿಯೋ ಮಾತಿಗೆ ಬೀಗ ಜಡಿದವು. ಪಾಲೊ ಆಲ್ಟೊ ನಗರದ ಪೊಲೀಸ್ ಇಲಾಖೆ 2021ರಲ್ಲಿ ಹಾಕಿದ ಬೀಗವನ್ನು ಮರುವರ್ಷ ತೆಗೆಯಿತು. ಅಂಥದ್ದು ಬೇಕಿದ್ದರೆ ನಗರಸಭೆಯಲ್ಲಿ ಕೇಳಿ.

ಪ್ರಶ್ನೆ: ಮಾಳಿಗೆಯ ಆಂಟೆನಾದಿಂದ ಆರ್‌ಜಿ-58 ಕೇಬಲ್ 15 ಮೀಟರ್ ಎಳೆದಿದ್ದೇನೆ, ಪರವಾಗಿಲ್ಲವೇ?

ಉತ್ತರ: ಇಲ್ಲ. ಅರ್ಧಕ್ಕಿಂತ ಹೆಚ್ಚು ಸಿಗ್ನಲ್ ಕೇಬಲ್ಲಿನಲ್ಲೇ ಕರಗುತ್ತದೆ. ಕಡಿಮೆ ನಷ್ಟದ ಎಲ್‌ಎಂಆರ್-400 ಕೇಬಲ್ ಹಾಕಿ.

ಪ್ರಶ್ನೆ: ಊರಿಗೆ ಬರುವಾಗ ಸ್ಕ್ಯಾನರ್ ತಂದು ಬೆಂಗಳೂರು ಪೊಲೀಸರ ಮಾತು ಕೇಳಬಹುದೇ?

ಉತ್ತರ: ಖಂಡಿತ ತರಬೇಡಿ. ಅಮೆರಿಕದ ರೂಢಿ ಇಲ್ಲಿ ನಡೆಯುವುದಿಲ್ಲ. ಅನುಮತಿಯಿಲ್ಲದೆ ಪೊಲೀಸ್ ಸಂವಹನ ಕದ್ದಾಲಿಸುವುದು ಭಾರತದಲ್ಲಿ ಅಪರಾಧ.