ನಿದ್ದೆಯಲ್ಲಿರುವಾಗ ಹೊರಗಿನ ಸದ್ದು ನಮಗೆ ಕೇಳಿಸುತ್ತದೆಯೇ?

ಕೇಳಿಸುತ್ತದೆ, ಕಿವಿಗೆ ರೆಪ್ಪೆಯಿಲ್ಲವಲ್ಲ! ಒಳಗೆ ಬಂದ ಸದ್ದಿನಲ್ಲಿ ಬಹಳಷ್ಟನ್ನು ಮಿದುಳು ಸೋಸಿಬಿಡುತ್ತದೆ, ಅಷ್ಟೇ. ಗಡಗಡ ಎನ್ನುವ ಫ್ಯಾನಿನ ಕೆಳಗೆ ಗೊರಕೆ ಹೊಡೆಯುತ್ತಿರುವ ತಾಯಿ, ತೊಟ್ಟಿಲಲ್ಲಿ ಮಗು ಸಣ್ಣಗೆ ಕುಂಯ್‌ಗುಟ್ಟಿದರೂ ಎದ್ದು ಕೂರುತ್ತಾಳೆ.

1960ರಲ್ಲೇ ಪ್ರಕಟವಾದ ಪ್ರಯೋಗವೊಂದರಲ್ಲಿ, ಮಲಗಿದ್ದವರಿಗೆ ಸಾಲಾಗಿ ಹೆಸರುಗಳನ್ನು ಕೇಳಿಸಿದರು. ಬೇರೆ ಹೆಸರುಗಳಿಗಿಂತ ತಮ್ಮದೇ ಹೆಸರಿಗೆ ಅವರ ಮಿದುಳಿನಲ್ಲಿ ‘ಕೆ-ಕಾಂಪ್ಲೆಕ್ಸ್’ ಎಂಬ ದೊಡ್ಡ ಅಲೆ ಹೆಚ್ಚಾಗಿ ಎದ್ದಿತು. ಅಂದರೆ ಸದ್ದಷ್ಟೇ ಅಲ್ಲ, ಅದು ಯಾರಿಗೆ ಸಂಬಂಧಿಸಿದ್ದು ಎಂಬುದೂ ಒಳಗೆ ಇಳಿಯುತ್ತದೆ.

ನೆಂಟರ ಮನೆಯಲ್ಲಿ ಮೊದಲ ರಾತ್ರಿ ನಿದ್ದೆ ಸರಿಬಾರದಿರುವುದಕ್ಕೂ ಕಾರಣ ಸಿಕ್ಕಿದೆ: ಹೊಸ ಜಾಗದಲ್ಲಿ ಮಿದುಳಿನ ಎಡಭಾಗ ಅರೆ ಎಚ್ಚರದಲ್ಲಿರುತ್ತದೆ ಎಂದು ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದರು.

ಮೂಗನ್ನು ಮಾತ್ರ ನಂಬಬೇಡಿ. ಗಾಢ ನಿದ್ದೆಯಲ್ಲಿರುವವರನ್ನು ವಾಸನೆ ಎಬ್ಬಿಸುವುದು ಕಷ್ಟ. ಹೊಗೆ ಪತ್ತೆ ಮಾಡುವ ಯಂತ್ರ ಅಷ್ಟು ಜೋರಾಗಿ ಕಿರುಚುವುದು ಅದಕ್ಕೇ.